ಬಸ್ಸಿನಲ್ಲಿ ಬೆಂಗಳೂರಿಗೆ ಕಿರು ರಂಗಪ್ರವಾಸ: ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತ ತಂಗುವವರಿಗೆ ಮಾಹಿತಿ

1. ಪೀಠಿಕೆ

ಹಿಂದೆ ವೃತ್ತಿ ನಾಟಕ ಕಂಪನಿಗಳು ಊರೂರಿಗೆ ಹೋಗಿ, ಜಾತ್ರೆಗಳಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿ ಪ್ರದರ್ಶನ ನೀಡುತ್ತಿದ್ದವು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯು ಇವುಗಳಲ್ಲಿ ಪ್ರಮುಖವಾದುದು. ಈ ಪದ್ಧತಿ ಈಗ ಬಹಳ ಮಟ್ಟಿಗೆ ವಿರಳವಾಗಿದೆ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯು 1985ರಲ್ಲಿ ಆರಂಭಿಸಿದ ತಿರುಗಾಟದಂತಹ ತಂಡಗಳನ್ನು ಬಿಟ್ಟರೆ, ವರ್ಷವಿಡೀ ನಾಟಕ ನೋಡಬಯಸುವ ಪ್ರೇಕ್ಷಕರು ನಗರಕ್ಕೇ ಬರಬೇಕಾಗಿದೆ. ಹೀಗೆ ಬಸ್ಸಿನಲ್ಲಿ ಬಂದು, ಒಂದು ರಾತ್ರಿ ತಂಗಿ, ನಾಟಕ ನೋಡಿ ಮರಳುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸಿನಿಮಾಕ್ಕೆ ತಡವಾಗಿ ಹೋದರೂ ಒಳಗೆ ಬಿಡುತ್ತಾರೆ; ನಾಟಕದ ವಿಷಯದಲ್ಲಿ ಹಾಗಲ್ಲ. ಇನ್ನೂರು ಕಿ.ಮೀ. ಪ್ರಯಾಣ ಮಾಡಿ ಬಂದವರೂ ಹತ್ತು ನಿಮಿಷ ತಡವಾದ ಕಾರಣಕ್ಕೆ ಮುಚ್ಚಿದ ಬಾಗಿಲಿನ ಹೊರಗೆ ನಿಲ್ಲಬೇಕಾಗಬಹುದು. ಆದುದರಿಂದ ಪ್ರವಾಸದ ಯೋಜನೆಯನ್ನು ಊರಿನಿಂದ ಬಸ್ಸು ಹೊರಡುವ ವೇಳೆಯಿಂದಲ್ಲ, ರಂಗಮಂದಿರದ ಗಂಟೆ ಬಾರಿಸುವ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ರೂಪಿಸಿಕೊಳ್ಳುವುದು ಸೂಕ್ತ.

2. ತಂಗುವ ಸ್ಥಳ

1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶದ ಹಳೆಯ ವ್ಯಾಪಾರ ಬೀದಿಗಳಲ್ಲಿ ಕಮರ್ಷಿಯಲ್ ಸ್ಟ್ರೀಟ್ ಒಂದು. ಇಲ್ಲಿಂದ ಮಹಾತ್ಮ ಗಾಂಧಿ ರಸ್ತೆಯ ಮೆಟ್ರೋ ನಿಲ್ದಾಣ ಸುಮಾರು ಒಂದು ಕಿ.ಮೀ. ದೂರದಲ್ಲಿದೆ. ಶಿವಾಜಿನಗರದ ಬಿ.ಎಂ.ಟಿ.ಸಿ. ಬಸ್ ನಿಲ್ದಾಣವೂ ಸಮೀಪದಲ್ಲಿದ್ದು, ನಗರದ ಅನೇಕ ಭಾಗಗಳಿಗೆ ಬಸ್ಸುಗಳು ದೊರೆಯುತ್ತವೆ. ಹಗಲಿನ ವೇಳೆ ರಸೆಲ್ ಮಾರುಕಟ್ಟೆ, ಸೇಂಟ್ ಮೇರಿ ಬೆಸಿಲಿಕಾ ಹಾಗೂ ಹಲಸೂರಿನ ಸೋಮೇಶ್ವರ ದೇವಾಲಯಗಳನ್ನು ನೋಡಬಹುದು. ಬಟ್ಟೆ ಹಾಗೂ ಆಭರಣದ ಅಂಗಡಿಗಳು ಬೆಳಿಗ್ಗೆ ಸ್ವಲ್ಪ ತಡವಾಗಿಯೇ ತೆರೆಯುವುದರಿಂದ ದೇವಾಲಯದ ದರ್ಶನವನ್ನು ಮೊದಲು ಮುಗಿಸಿಕೊಂಡು, ಖರೀದಿಯನ್ನು ನಂತರಕ್ಕೆ ಇಟ್ಟುಕೊಳ್ಳುವುದು ಅನುಕೂಲಕರ.

3. ಪ್ರಮುಖ ರಂಗಮಂದಿರಗಳು

ಅ) ರವೀಂದ್ರ ಕಲಾಕ್ಷೇತ್ರ, ಜೆ.ಸಿ. ರಸ್ತೆ: ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗಾಗಿ ನಿರ್ಮಿಸಿ 1963ರಲ್ಲಿ ಉದ್ಘಾಟಿಸಲಾಯಿತು. ಇದರ ಹಿಂಭಾಗದಲ್ಲಿ ಸಂಸ ಬಯಲು ರಂಗಮಂದಿರವಿದೆ. ಇಲ್ಲಿ ಬೇರೆ ಬೇರೆ ತಂಡಗಳು ಸಭಾಂಗಣವನ್ನು ಪಡೆದು ಪ್ರದರ್ಶನ ನೀಡುವುದರಿಂದ ದಿನ, ವೇಳೆ ಮತ್ತು ಟಿಕೆಟಿನ ವಿವರಗಳನ್ನು ಆಯಾ ತಂಡದಿಂದಲೇ ತಿಳಿಯತಕ್ಕದ್ದು.

ಆ) ರಂಗಶಂಕರ, ಜೆ.ಪಿ. ನಗರ 2ನೇ ಹಂತ: ನಟ, ನಿರ್ದೇಶಕ ಶಂಕರನಾಗ್ ಅವರ ಸ್ಮರಣಾರ್ಥ ಶ್ರೀಮತಿ ಅರುಂಧತಿ ನಾಗ್ ಅವರ ನೇತೃತ್ವದಲ್ಲಿ 2004ರಲ್ಲಿ ಆರಂಭವಾಯಿತು. ಸೋಮವಾರ ಹೊರತುಪಡಿಸಿ ವಾರದ ಉಳಿದ ದಿನಗಳಲ್ಲಿ ಸಾಮಾನ್ಯವಾಗಿ ಸಂಜೆ 7.30ಕ್ಕೆ ನಾಟಕವಿರುತ್ತದೆ. ಪ್ರದರ್ಶನ ಆರಂಭವಾದ ನಂತರ ಪ್ರವೇಶವಿಲ್ಲ ಎಂಬ ನಿಯಮವನ್ನು ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಲಾಗುತ್ತದೆ.

ಇ) ಜಾಗೃತಿ ರಂಗಮಂದಿರ, ವೈಟ್‌ಫೀಲ್ಡ್ ಪ್ರದೇಶ: 2011ರಲ್ಲಿ ಆರಂಭವಾಯಿತು. ನಗರದ ಪೂರ್ವ ಭಾಗದಲ್ಲಿರುವ ಇಲ್ಲಿ ಇಂಗ್ಲಿಷ್ ನಾಟಕಗಳು ಹೆಚ್ಚು.

4. ಬಸ್ಸು ಸೌಲಭ್ಯ

ಒಬ್ಬರು ಅಥವಾ ಒಂದು ಕುಟುಂಬ ಬರುವುದಾದರೆ ಕ.ರಾ.ರ.ಸಾ. ನಿಗಮ ಹಾಗೂ ಸೋದರ ನಿಗಮಗಳ ನಿತ್ಯದ ಬಸ್ಸುಗಳೇ ಸಾಕು. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣಕ್ಕೆ ಅವಕಾಶ ಕಲ್ಪಿಸಲಾಗಿದೆ. ಗುರುತಿನ ಚೀಟಿ ಜೊತೆಯಲ್ಲಿರಬೇಕು. ರಾಜಹಂಸ, ಐರಾವತ ಮತ್ತು ಮಲಗುವ ಆಸನದ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

ಕೋಲಾರದ ಕಡೆಯಿಂದ ಬರುವವರು ಮೆಜೆಸ್ಟಿಕ್‌ವರೆಗೆ ಹೋಗುವ ಅಗತ್ಯವಿಲ್ಲ. ಕೆ.ಆರ್. ಪುರದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋದಲ್ಲಿ ನೇರವಾಗಿ ಮಹಾತ್ಮ ಗಾಂಧಿ ರಸ್ತೆಗೆ ಬರಬಹುದು. ವೈಟ್‌ಫೀಲ್ಡ್‌ನಿಂದ ನಗರದ ಮಧ್ಯಭಾಗದವರೆಗಿನ ಈ ಮಾರ್ಗ 2023ರ ಅಕ್ಟೋಬರ್‌ನಿಂದ ಎಲ್ಲಿಯೂ ಕಡಿಯದೆ ಸಂಚಾರಕ್ಕೆ ತೆರೆದಿದೆ. ಮೆಜೆಸ್ಟಿಕ್‌ನಲ್ಲಿ ಇಳಿಯುವವರಿಗೂ ಇದೇ ನೇರಳೆ ಮಾರ್ಗ ದೊರೆಯುತ್ತದೆ.

ಸಂಘ, ಶಾಲೆ ಅಥವಾ ಗ್ರಾಮದ ತಂಡವಾಗಿ ಬರುವುದಾದರೆ ಸಾಂದರ್ಭಿಕ ಗುತ್ತಿಗೆಯ ಮೇಲೆ ಇಡೀ ಬಸ್ಸನ್ನು ಪಡೆಯಬಹುದು. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ದೊಡ್ಡ ಬಸ್ಸು ನಿಲ್ಲಿಸಲು ಸ್ಥಳಾವಕಾಶವಿಲ್ಲ. ಆದುದರಿಂದ ಇಳಿಯುವ, ಹತ್ತುವ ಹಾಗೂ ಬಸ್ಸು ಕಾಯುವ ಸ್ಥಳಗಳನ್ನು ಚಾಲಕರೊಡನೆ ಮೊದಲೇ ನಿಗದಿಪಡಿಸಿಕೊಳ್ಳಬೇಕು.

5. ಸಮಯದ ಲೆಕ್ಕ

ಉದಾಹರಣೆಗೆ, ರಂಗಶಂಕರದಲ್ಲಿ 7.30ರ ನಾಟಕಕ್ಕೆ:

– ಸಂಜೆ 7.00: ರಂಗಮಂದಿರದಲ್ಲಿ ಇರಬೇಕು.
– ಸಂಜೆ 5.15: ಕಮರ್ಷಿಯಲ್ ಸ್ಟ್ರೀಟ್ ಬಿಡಬೇಕು. ಮಹಾತ್ಮ ಗಾಂಧಿ ರಸ್ತೆಯಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣ, ಅಲ್ಲಿಂದ ಆಟೋ.
– ಸಂಜೆ 4.30: ಖರೀದಿ ಮುಗಿಸಿ, ಸಾಮಾನುಗಳನ್ನು ಕೊಠಡಿಯಲ್ಲಿ ಇರಿಸಬೇಕು.
– ಮಧ್ಯಾಹ್ನ 2.00: ಊರಿನಿಂದ ಅದೇ ದಿನ ಬರುವವರು ನಗರವನ್ನು ತಲುಪಿರಬೇಕು.

ಇದರಂತೆ ಮೈಸೂರಿನಿಂದ (ಸುಮಾರು 145 ಕಿ.ಮೀ.) ಹೊರಡುವವರು ಬೆಳಿಗ್ಗೆ 10 ಗಂಟೆಯೊಳಗೆ ಬಸ್ಸು ಹತ್ತಬೇಕು. ಹುಬ್ಬಳ್ಳಿಯಂತಹ ದೂರದ ಊರುಗಳಿಂದ ಬರುವವರು ಹಿಂದಿನ ರಾತ್ರಿಯ ಬಸ್ಸಿನಲ್ಲಿ ಹೊರಡುವುದೇ ಕ್ಷೇಮ. ಸಂಜೆಯ ವೇಳೆ ಆಟೋ ಅಥವಾ ಕಾರಿನಲ್ಲಿ ಇಡೀ ದೂರವನ್ನು ಕ್ರಮಿಸುವುದಾದರೆ ವಾಹನ ದಟ್ಟಣೆಯನ್ನು ಮೊದಲೇ ಹೇಳಲಾಗದು, ಮೆಟ್ರೋದಲ್ಲಿ ಹೇಳಬಹುದು. ರವೀಂದ್ರ ಕಲಾಕ್ಷೇತ್ರಕ್ಕೆ ಹೋಗುವವರು ಇದೇ ಹಸಿರು ಮಾರ್ಗದಲ್ಲಿ ಕೃಷ್ಣರಾಜ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬಹುದು.

6. ವೆಚ್ಚದ ಅಂದಾಜು

ಗುತ್ತಿಗೆ ಬಸ್ಸಿನ ಬಾಡಿಗೆಯು ಬಸ್ಸಿಗೆ ಅನ್ವಯಿಸುವುದೇ ಹೊರತು ಪ್ರಯಾಣಿಕರ ಸಂಖ್ಯೆಗಲ್ಲ. 50 ಆಸನಗಳ ಬಸ್ಸಿಗೆ 35 ಜನರು ಮಾತ್ರ ಬಂದಲ್ಲಿ ತಲಾ ವೆಚ್ಚ ಸುಮಾರು ಶೇ. 43ರಷ್ಟು ಹೆಚ್ಚುತ್ತದೆ. ಬಾಡಿಗೆಯನ್ನು ತುಂಬಿದ ಬಸ್ಸಿನ ಲೆಕ್ಕದಲ್ಲಿ ಹಂಚಿ, ಕೊನೆಗೆ ಉಳಿದವರ ಮೇಲೆ ಕೊರತೆ ಹೊರಿಸುವುದು ಮನಸ್ತಾಪಕ್ಕೆ ಕಾರಣವಾಗುತ್ತದೆ. ಆದುದರಿಂದ ಮುಂಗಡ ಹಣವನ್ನು ಪಡೆದ ನಂತರವೇ ಬಸ್ಸನ್ನು ಗೊತ್ತುಪಡಿಸುವುದು ಒಳ್ಳೆಯದು. ಬಸ್ಸು, ವಸತಿ, ಊಟ, ನಾಟಕದ ಟಿಕೆಟು ಮತ್ತು ನಗರದೊಳಗಿನ ಸಂಚಾರ, ಈ ಐದು ಬಾಬ್ತುಗಳನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಮೊದಲು ನಾಟಕದ ಟಿಕೆಟು, ನಂತರ ವಸತಿ, ಕೊನೆಗೆ ಬಸ್ಸು ಎಂಬ ಅನುಕ್ರಮವನ್ನು ಪಾಲಿಸಿದರೆ ನಷ್ಟದ ಸಂಭವ ಕಡಿಮೆ.

7. ಪ್ರೇಕ್ಷಕರ ಗಮನಕ್ಕೆ

– ಮೊಬೈಲ್ ದೂರವಾಣಿಯನ್ನು ಸಂಪೂರ್ಣವಾಗಿ ಸ್ಥಗಿತಗೊಳಿಸಬೇಕು. ಕತ್ತಲಲ್ಲಿ ಅದರ ಬೆಳಕು ನಟರಿಗೂ ಕಾಣುತ್ತದೆ.
– ಮೆಟ್ಟಿಲು ಹತ್ತಲು ಕಷ್ಟವಾಗುವ ಹಿರಿಯರಿದ್ದಲ್ಲಿ ಟಿಕೆಟು ಕಾದಿರಿಸುವಾಗಲೇ ತಿಳಿಸಬೇಕು.
– ಮಕ್ಕಳೊಡನೆ ಬರುವವರು ಆ ನಾಟಕಕ್ಕೆ ಮಕ್ಕಳಿಗೆ ಪ್ರವೇಶವಿದೆಯೇ ಎಂಬುದನ್ನು ವಿಚಾರಿಸಬೇಕು.
– ತಂಡವಾಗಿ ಬರುವವರ ಟಿಕೆಟುಗಳು ಒಬ್ಬರ ಬಳಿಯೇ ಇದ್ದರೆ, ಅವರು ತಡವಾದಲ್ಲಿ ಎಲ್ಲರೂ ಹೊರಗುಳಿಯಬೇಕಾಗುತ್ತದೆ. ಬಾಗಿಲಿಗೆ ಬರುವ ಮೊದಲೇ ಹಂಚಬೇಕು.

8. ಮರುಪ್ರಯಾಣ

ಎರಡು ಗಂಟೆಯ ನಾಟಕ 9.30ರ ಸುಮಾರಿಗೆ ಮುಗಿಯುತ್ತದೆ. ಅದೇ ರಾತ್ರಿ ಮರಳುವವರು ರಾತ್ರಿ 11 ಗಂಟೆ ಅಥವಾ ನಂತರ ಹೊರಡುವ ಬಸ್ಸಿನಲ್ಲಿ ಮಾತ್ರ ಆಸನ ಕಾದಿರಿಸುವುದು ಲೇಸು. ಅದಕ್ಕೂ ಮೊದಲಿನ ಬಸ್ಸಿಗೆ ಕಾದಿರಿಸಿದಲ್ಲಿ ಕೊನೆಯ ದೃಶ್ಯವನ್ನು ಬಿಟ್ಟು ಎದ್ದು ಹೋಗಬೇಕಾಗುತ್ತದೆ; ಇದರಿಂದ ನೋಡುವವರಿಗೂ, ಆಡುವವರಿಗೂ ನಷ್ಟ. ಹಿರಿಯರು, ಮಕ್ಕಳು ಜೊತೆಯಲ್ಲಿದ್ದರೆ ರಾತ್ರಿ ತಂಗಿ, ಬೆಳಿಗ್ಗೆ ಹೊರಡುವುದು ಉತ್ತಮ.

ಸೂಚನೆ: ನಾಟಕದ ವೇಳೆ, ಬಸ್ಸಿನ ದರ ಹಾಗೂ ಮೆಟ್ರೋದ ಕೊನೆಯ ರೈಲಿನ ಸಮಯ ಬದಲಾಗುತ್ತಿರುತ್ತವೆ. ದುರಸ್ತಿಯ ಕಾರಣದಿಂದ ರಂಗಮಂದಿರಗಳು ಮುಚ್ಚಿರುವ ಸಂದರ್ಭಗಳೂ ಇರುತ್ತವೆ. ಹೊರಡುವ ಮುನ್ನ ಸಂಬಂಧಪಟ್ಟ ಸಂಸ್ಥೆಗಳಿಂದ ಖಚಿತಪಡಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.