ವಕೀಲರಾಗಬಯಸುವ ನಮ್ಮ ಮಕ್ಕಳಿಗೆ: ಕಚೇರಿ ತರಬೇತಿ ಮತ್ತು ಅರ್ಜಿಯ ಮಾಹಿತಿ

ಕಾಗವಾಡ, ಶೇಡಬಾಳ, ಉಗಾರ, ಅಥಣಿ, ಚಿಕ್ಕೋಡಿ, ನಿಪ್ಪಾಣಿ ಭಾಗದ ಜೈನ ಮನೆತನಗಳಲ್ಲಿ ಒಕ್ಕಲುತನ ಮತ್ತು ವ್ಯಾಪಾರ ಮುಖ್ಯ ಉದ್ಯೋಗಗಳು. ಆದರೆ ಕಾನೂನು ಓದಿ ಮೇಲೆ ಬಂದವರ ಪರಂಪರೆಯೂ ಈ ಸೀಮೆಗೆ ಇದೆ. ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಅಣ್ಣಾಸಾಹೇಬ ಲಠ್ಠೆಯವರು ವಕೀಲರು. ಅವರು ಕೊಲ್ಹಾಪುರ ಸಂಸ್ಥಾನದ ದಿವಾನರಾದರು, 1937ರಲ್ಲಿ ಮುಂಬೈ ಪ್ರಾಂತದ ಅರ್ಥಮಂತ್ರಿಯೂ ಆದರು.

ಇಂದು ಮಗ ಅಥವಾ ಮಗಳು ಎಲ್‌ಎಲ್‌ಬಿ ಸೇರುತ್ತೇನೆ ಎಂದಾಗ ಪಾಲಕರು ಮೊದಲು ಕೇಳುವುದು ಕಾಲೇಜಿನ ಫೀ ಎಷ್ಟು ಎಂದು. ಯಾರ ಕಚೇರಿಯಲ್ಲಿ ಕೆಲಸ ಕಲಿಯುತ್ತೀ ಎಂದು ಕೇಳುವವರು ಕಡಿಮೆ. ಪದವಿ ಕೈಗೆ ಬಂದ ಮೇಲೆ ಆ ಪ್ರಶ್ನೆ ಎದುರಾದರೆ ಒಂದೆರಡು ವರ್ಷ ಸುಮ್ಮನೆ ಹೋಗುತ್ತವೆ. ಆದ್ದರಿಂದ ಕಚೇರಿಯ ಹುಡುಕಾಟವನ್ನು ಓದಿನ ಮೊದಲ ವರ್ಷದಲ್ಲೇ ಆರಂಭಿಸಬೇಕು. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಅಡ್ವೊಕೇಟ್ ಮತ್ತು ಸಾಲಿಸಿಟರ್

ನಮ್ಮ ದೇಶದಲ್ಲಿ 1961ರ ವಕೀಲರ ಕಾಯ್ದೆಯ ಪ್ರಕಾರ ಇರುವುದು ಒಂದೇ ವರ್ಗ, ಅಡ್ವೊಕೇಟ್. ಕೋರ್ಟಿನಲ್ಲಿ ವಾದಿಸುವವರೂ ಕಂಪನಿಗಳ ಕರಾರುಪತ್ರ ಬರೆಯುವವರೂ ಅಡ್ವೊಕೇಟರೇ. ಮುಂಬೈಯಲ್ಲಿ ಮಾತ್ರ ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಇಂದಿಗೂ ಸಾಲಿಸಿಟರ್ ಪರೀಕ್ಷೆ ನಡೆಸುತ್ತದೆ. ಅದಕ್ಕೆ ಮೊದಲು ಒಬ್ಬ ಸಾಲಿಸಿಟರ್ ಕೈಕೆಳಗೆ ಆರ್ಟಿಕಲ್ಡ್ ಕ್ಲರ್ಕ್ ಆಗಿ ದುಡಿಯಬೇಕು. ಕಂಪನಿ ಕೆಲಸದಲ್ಲಿ ಆಸಕ್ತಿ ಇದ್ದವರಿಗೆ ಅದೂ ಒಂದು ದಾರಿ. ಉಳಿದವರಿಗೆ ಪದವಿ, ನೋಂದಣಿ, ಬಾರ್ ಪರೀಕ್ಷೆ ಈ ಮೂರೇ ಮೆಟ್ಟಿಲು.

ಓದು ಮತ್ತು ನೋಂದಣಿ

ಪಿಯುಸಿ ನಂತರ ಐದು ವರ್ಷದ ಕೋರ್ಸ್ ಇದೆ, ಪದವಿ ನಂತರ ಮೂರು ವರ್ಷದ್ದು ಇದೆ. ನಮ್ಮ ಭಾಗದ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ಇದೆ. ಚಿಕ್ಕೋಡಿಯಲ್ಲಿ ಕೆಎಲ್‌ಇ ಸಂಸ್ಥೆಯ ಕಾನೂನು ಕಾಲೇಜು ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಂಥ ಸಂಸ್ಥೆಗಳ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು.

ಪದವಿ ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಕಾಯ್ದೆಯ 24ನೇ ಕಲಮಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ನೀಡಿದೆ. ಆ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ನೋಂದಣಿಯ ನಂತರ ಎರಡು ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ತರಬೇತಿಯ ನಿಯಮ

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಯಾವ ವರ್ಷದಲ್ಲೂ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಎಂದರೆ ಕೊನೆಯ ವರ್ಷದಲ್ಲಿ ಎಲ್ಲವನ್ನೂ ಒಮ್ಮೆಲೇ ಮುಗಿಸುತ್ತೇನೆ ಎಂದರೆ ಆಗದು, ಪ್ರತಿ ವರ್ಷದ ರಜೆಯಲ್ಲಿ ಹಂಚಿಕೊಳ್ಳಬೇಕು. ಕೆಳಗಿನ ಕೋರ್ಟಿನ ಮತ್ತು ಮೇಲ್ಮನವಿ ಕೋರ್ಟಿನ ವಕೀಲರ ಹತ್ತಿರ ಒಮ್ಮೆಯಾದರೂ ಕೆಲಸ ಮಾಡಿರಬೇಕು. ಬಿಳಿ ಶರ್ಟು, ಕಪ್ಪು ಟೈ, ಕಪ್ಪು ಕೋಟಿನ ಉಡುಪಿನ ನಿಯಮವೂ ಇದೆ.

ಕೆಲವರು ಪರಿಚಯದ ವಕೀಲರಿಂದ ಬರೀ ಪ್ರಮಾಣಪತ್ರ ಬರೆಸಿಕೊಳ್ಳುತ್ತಾರೆ. ಕಾಲೇಜಿನಲ್ಲಿ ಅದು ನಡೆದೀತು. ಮುಂದೆ ಕಚೇರಿ ಸೇರುವಾಗ 'ಅಲ್ಲಿ ಯಾವ ಕೇಸಿನ ಕಾಗದ ನೋಡಿದಿರಿ?' ಎಂಬ ಒಂದೇ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ.

ಎಲ್ಲೆಲ್ಲಿ ಅರ್ಜಿ ಹಾಕಬಹುದು

1. ತಾಲೂಕು ಕೋರ್ಟಿನ ವಕೀಲರು. ಅಥಣಿ, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಯಲ್ಲಿ ಕೋರ್ಟುಗಳಿವೆ. ಮೊದಲ ತರಬೇತಿ ಇಲ್ಲೇ ಆದರೆ ಒಳ್ಳೆಯದು. ಹೊಲದ ವಾಟಣಿ, ಖರೇದಿ ಪತ್ರ, ಬಾಂಧಿನ ತಕರಾರು, ಚೆಕ್ ಬೌನ್ಸ್ ಕೇಸುಗಳನ್ನು ಮೂಲದಿಂದ ನೋಡಲು ಸಿಗುತ್ತವೆ.

2. ತಾಲೂಕು ಕಾನೂನು ಸೇವಾ ಸಮಿತಿ ಮತ್ತು ಬೆಳಗಾವಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಲೋಕ ಅದಾಲತ್ ಹೇಗೆ ನಡೆಯುತ್ತದೆ, ಬಡವರಿಗೆ ಉಚಿತ ವಕೀಲರು ಹೇಗೆ ಸಿಗುತ್ತಾರೆ ಎಂಬುದು ಇಲ್ಲಿ ತಿಳಿಯುತ್ತದೆ.

3. ಧಾರವಾಡ ಹೈಕೋರ್ಟ್ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಬೆಳಗಾವಿ ಜಿಲ್ಲೆಯ ಕೇಸುಗಳು ಇಲ್ಲಿಗೇ ಹೋಗುತ್ತವೆ.

4. ಕೊಲ್ಹಾಪುರ. ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ 2025ರ ಆಗಸ್ಟ್‌ನಿಂದ ಅಲ್ಲಿ ನಡೆಯುತ್ತಿದೆ. ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳ ಕೇಸುಗಳು ಮೊದಲು ಮುಂಬೈಗೆ ಹೋಗುತ್ತಿದ್ದವು, ಈಗ ಕಾಗವಾಡದವರ ಮಗ್ಗುಲಿಗೇ ಬಂದಿವೆ. ವಕೀಲರ ಕಾಯ್ದೆಯ 30ನೇ ಕಲಂ 2011ರಿಂದ ಜಾರಿಯಲ್ಲಿರುವುದರಿಂದ ಕರ್ನಾಟಕದಲ್ಲಿ ನೋಂದಾಯಿಸಿದವರೂ ಆಯಾ ಹೈಕೋರ್ಟಿನ ನಿಯಮಗಳಿಗೆ ಒಳಪಟ್ಟು ಗಡಿಯಾಚೆ ವಕೀಲಿ ಮಾಡಬಹುದು.

5. ಬೆಂಗಳೂರು, ಮುಂಬೈಯ ದೊಡ್ಡ ಲಾ ಫರ್ಮ್‌ಗಳು. ಸಿರಿಲ್ ಅಮರಚಂದ್ ಮಂಗಲದಾಸ್, ಖೈತಾನ್, ಟ್ರೈಲೀಗಲ್ ಮೊದಲಾದವು ಕಂಪನಿ ಕೆಲಸ ಮಾಡುತ್ತವೆ. ಇಲ್ಲಿ ಸ್ಪರ್ಧೆ ಹೆಚ್ಚು. ಹಲವು ತಿಂಗಳು ಮೊದಲೇ ಅವುಗಳ ಜಾಲತಾಣ ನೋಡಿ, ಕೇಳಿದ ರೀತಿಯಲ್ಲೇ ಅರ್ಜಿ ಕಳಿಸಬೇಕು.

ಅರ್ಜಿ ಬರೆಯುವ ಬಗೆ

ಒಂದೇ ಅರ್ಜಿಯನ್ನು ಐವತ್ತು ಕಡೆ ಕಳಿಸುವುದು ಸಾಮಾನ್ಯ ತಪ್ಪು. ಹೀಗೆ ಬಂದದ್ದನ್ನು ಕಚೇರಿಯವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ. ಅರ್ಜಿ ಒಂದು ಪುಟ ಮೀರಬಾರದು. ಅದರಲ್ಲಿ ನಾಲ್ಕು ಸಂಗತಿ ಇದ್ದರೆ ಸಾಕು: ಯಾವ ಕಾಲೇಜು, ಯಾವ ವರ್ಷ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲಿರಿ, ಇದೇ ಕಚೇರಿ ಏಕೆ ಬೇಕು, ನಿಮಗೆ ಯಾವ ಕೆಲಸ ಬರುತ್ತದೆ.

ನಾಲ್ಕನೆಯದರಲ್ಲಿ ನಮ್ಮ ಭಾಗದ ಮಕ್ಕಳು ಸುಮ್ಮನೆ ಹಿಂಜರಿಯುತ್ತಾರೆ. ಇಂಗ್ಲಿಷ್ ಸರಾಗ ಬರುವುದಿಲ್ಲ ಎಂಬ ಕೊರಗಿನಲ್ಲಿ ಕೈಯಲ್ಲಿದ್ದ ಬಂಡವಾಳ ಮರೆಯುತ್ತಾರೆ. ಕಾಗವಾಡ ಕಡೆಯ ಹುಡುಗ ಕನ್ನಡ, ಮರಾಠಿ ಎರಡನ್ನೂ ಓದಬಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಆದ್ದರಿಂದ ಹಳೆಯ ಉತಾರ, ಖರೇದಿ ಪತ್ರಗಳು ಎಷ್ಟೋ ಮರಾಠಿಯಲ್ಲಿವೆ, ಇನ್ನೂ ಹಳೆಯವು ಮೋಡಿ ಲಿಪಿಯಲ್ಲಿವೆ. ಇಂಥ ಕಾಗದ ಓದಿ ಸಾರಾಂಶ ಬರೆಯಬಲ್ಲವರು ಧಾರವಾಡದ ಸಿವಿಲ್ ಕಚೇರಿಗೆ ಬೇಕಾದವರು. ಅಂಗಡಿಯ ಕೀರ್ದಿ, ಖಾತೆವಹಿ, ಜಿಎಸ್‌ಟಿ ಬಿಲ್ಲು ನೋಡಿ ಬೆಳೆದವರಿಗೆ ಸಾಲ ವಸೂಲಿ ಮತ್ತು ಪಾಲುದಾರಿಕೆ ಕೇಸಿನ ಲೆಕ್ಕ ಬೇಗ ಹಿಡಿತಕ್ಕೆ ಬರುತ್ತದೆ. ಇವನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಉದಾಹರಣೆಗೆ:

'ಮಾನ್ಯರೆ, ನಾನು ಎರಡನೇ ವರ್ಷದ ಎಲ್‌ಎಲ್‌ಬಿ ವಿದ್ಯಾರ್ಥಿ. ಜೂನ್ 1ರಿಂದ 28ರವರೆಗೆ ತಮ್ಮ ಕಚೇರಿಯಲ್ಲಿ ತರಬೇತಿ ಪಡೆಯಲು ಬಯಸುತ್ತೇನೆ. ತಾವು ಜಮೀನು ವಾಟಣಿ ಅಪೀಲುಗಳನ್ನು ನಡೆಸುತ್ತೀರಿ ಎಂದು ತಿಳಿದು ಬರೆಯುತ್ತಿದ್ದೇನೆ. ಕಳೆದ ವರ್ಷ ಅಥಣಿಯಲ್ಲಿ ನಾಲ್ಕು ವಾರ ದಾವೆಗಳ ತಾರೀಖು ಪಟ್ಟಿ ತಯಾರಿಸಿದ್ದೇನೆ. ಮರಾಠಿ ಕಾಗದ ಓದಿ ಕನ್ನಡದಲ್ಲಿ ಸಾರಾಂಶ ಬರೆಯಬಲ್ಲೆ, ಕನ್ನಡ ಟೈಪಿಂಗ್ ಬರುತ್ತದೆ.'

ಇಷ್ಟು ಸಾಕು. ಮಾಡದ ಕೆಲಸ ಬರೆಯಬಾರದು. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಬಹುದು. ಹಿರಿಯರ ಶಿಫಾರಸಿನಿಂದ ಬಾಗಿಲು ತೆರೆದೀತು, ಆದರೆ ಅರ್ಜಿಯನ್ನು ವಿದ್ಯಾರ್ಥಿಯೇ ಬರೆಯಬೇಕು, ಭೇಟಿಗೂ ತಾನೇ ಹೋಗಬೇಕು.

ಕಚೇರಿಯಲ್ಲಿ ಕಲಿಯಬೇಕಾದದ್ದು

ಮೊದಲು ತಾರೀಖಿನ ಡೈರಿ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ಅದು ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳಲ್ಲಿ ಫಿರ್ಯಾದಿ. ಸಿವಿಲ್ ತೀರ್ಪಿನ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು 30 ದಿನ, ಹೈಕೋರ್ಟಿಗೆ 90 ದಿನ. ಒಂದು ದಿನ ತಪ್ಪಿದರೂ ಕಕ್ಷಿದಾರನಿಗೆ ನಷ್ಟ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮೊದಲಾದ ಮೂರು ಹೊಸ ಕಾನೂನುಗಳು ಬಂದಿವೆ. ಹಿಂದಿನ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಎರಡರ ಕಲಮುಗಳೂ ಗೊತ್ತಿರಬೇಕು.

ಎರಡನೆಯದು ಗುಟ್ಟು ಕಾಯುವುದು. ನಮ್ಮದು ಸಣ್ಣ ಸಮಾಜ. ತಾಲೂಕಿನ ಕಚೇರಿಯಲ್ಲಿ ಬೀಗರ, ಭಾವಂದಿರ, ಬಸದಿಯಲ್ಲಿ ದಿನಾ ಕಾಣುವವರ ವಾಟಣಿ ದಾವೆಯ ಕಾಗದ ಕೈಗೆ ಬರಬಹುದು. ಅಂಥ ಫೈಲು ಕಂಡ ಕೂಡಲೇ 'ಇವರು ನಮ್ಮ ಸಂಬಂಧಿಕರು' ಎಂದು ಹಿರಿಯ ವಕೀಲರಿಗೆ ತಿಳಿಸಿ ಅದರಿಂದ ದೂರ ಉಳಿಯಬೇಕು. ಮನೆಯಲ್ಲಿ ಊಟಕ್ಕೆ ಕುಳಿತಾಗ ಯಾರ ಕೇಸಿನ ಮಾತೂ ಬರಬಾರದು. ಪಾಲಕರೂ ಕೇಳಬಾರದು.

ಮೊದಲ ಮೂರು ವರ್ಷ

ಹೊಸ ವಕೀಲರಿಗೆ ಆರಂಭದಲ್ಲಿ ಆದಾಯ ಕಡಿಮೆ. ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕಿರಿಯರಿಗೆ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿದೆ, ಆದರೆ ಅದು ಕಡ್ಡಾಯವಲ್ಲ. ಸೇರುವಾಗಲೇ ಎಷ್ಟು ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. 2014ರ ಜನವರಿಯಿಂದ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿತರಾಗಿದ್ದಾರೆ. ಅಲ್ಪಸಂಖ್ಯಾತ ಕಾನೂನು ಪದವೀಧರರಿಗೆ ರಾಜ್ಯ ಸರಕಾರದ ಶಿಷ್ಯವೇತನ ಯೋಜನೆಯಿದೆ. ಅದರ ಮೊತ್ತ, ಆದಾಯ ಮಿತಿ, ಅರ್ಜಿಯ ತಾರೀಖುಗಳನ್ನು ಬೆಳಗಾವಿಯ ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬೇಕು.

ನ್ಯಾಯಾಧೀಶರಾಗಬೇಕೆನ್ನುವವರಿಗೆ ಈ ವರ್ಷಗಳು ಇನ್ನೂ ಮುಖ್ಯ. ಸಿವಿಲ್ ನ್ಯಾಯಾಧೀಶ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ನೀಡಿದೆ. ಇದಕ್ಕೆ ಹತ್ತು ವರ್ಷ ಅನುಭವದ ವಕೀಲರ ಪ್ರಮಾಣಪತ್ರ ನಡೆಯುತ್ತದೆ, ಅದರ ಮೇಲೆ ನ್ಯಾಯಾಲಯದ ಮುಖ್ಯ ಅಧಿಕಾರಿಯ ದೃಢೀಕರಣ ಬೇಕು. ಹೆಸರಿಗಷ್ಟೇ ಕಚೇರಿ ಸೇರಿದವರಿಗೆ ಇಲ್ಲಿ ತೊಂದರೆಯಾಗುತ್ತದೆ.

ಅಂಗಡಿ ಮತ್ತು ವಕೀಲಿ

ವ್ಯಾಪಾರಸ್ಥ ಮನೆತನದವರು ಇದನ್ನು ಮೊದಲೇ ತಿಳಿದಿರಬೇಕು. ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವೃತ್ತಿಯಲ್ಲಿರುವ ವಕೀಲ ತಾನೇ ವ್ಯಾಪಾರ ಮಾಡುವಂತಿಲ್ಲ, ಪೂರ್ಣಾವಧಿ ಸಂಬಳದ ನೌಕರಿಯನ್ನೂ ಮಾಡುವಂತಿಲ್ಲ. ವಾರಸಾಗಿ ಬಂದ ಮನೆಯ ವ್ಯಾಪಾರದಲ್ಲಿ ಪಾಲು ಇರಬಹುದು, ಆದರೆ ಅದರ ಆಡಳಿತದಲ್ಲಿ ಸ್ವತಃ ಕೈಹಾಕುವಂತಿಲ್ಲ. 'ಬೆಳಿಗ್ಗೆ ಕೋರ್ಟು, ಸಂಜೆ ಗಲ್ಲಾಪೆಟ್ಟಿಗೆ' ಎಂಬ ಲೆಕ್ಕ ನಡೆಯುವುದಿಲ್ಲ. ಅಂಗಡಿ ಯಾರು ನೋಡಬೇಕು ಎಂಬುದನ್ನು ಮಗ ಎಲ್‌ಎಲ್‌ಬಿ ಸೇರುವ ಮೊದಲೇ ಮನೆಯಲ್ಲಿ ತೀರ್ಮಾನಿಸುವುದು ಒಳ್ಳೆಯದು.

ಇಂಗ್ಲೆಂಡಿನಲ್ಲಿರುವ ಕುಟುಂಬಗಳಿಗೆ

ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು 2021ರಿಂದ ಎಸ್‌ಕ್ಯುಇ ಎಂಬ ಪರೀಕ್ಷೆ ಇದೆ. ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಅದನ್ನು ನಾಲ್ಕು ಸಂಸ್ಥೆಗಳವರೆಗೆ ಹಂಚಿಕೊಳ್ಳಬಹುದು. ಅಲ್ಲಿನ ದೊಡ್ಡ ಫರ್ಮ್‌ಗಳು ಸಾಮಾನ್ಯವಾಗಿ ಎರಡು ವರ್ಷ ಮೊದಲೇ ತರಬೇತಿಗೆ ಆಯ್ಕೆ ಮಾಡುತ್ತವೆ. ರಜೆಯಲ್ಲಿ ನಡೆಸುವ ಕೆಲವು ವಾರಗಳ ಕೆಲಸದ ಶಿಬಿರದಿಂದಲೇ ಹಲವರನ್ನು ಆರಿಸಿಕೊಳ್ಳುತ್ತವೆ.

ವರ್ಷವಾರು ನೆನಪಿನ ಪಟ್ಟಿ (ಮೂರು ವರ್ಷದ ಕೋರ್ಸಿಗೆ)

ಮೊದಲ ವರ್ಷ: ತಾಲೂಕು ಕೋರ್ಟಿನ ವಕೀಲರಲ್ಲಿ ನಾಲ್ಕು ವಾರ, ಕನ್ನಡ ಟೈಪಿಂಗ್.

ಎರಡನೇ ವರ್ಷ: ಧಾರವಾಡದಲ್ಲಿ ನಾಲ್ಕು ವಾರ. ಮಾಡಿದ ಕೆಲಸವನ್ನು ದಿನಾ ಒಂದು ವಹಿಯಲ್ಲಿ ಬರೆದಿಡಬೇಕು, ಕಕ್ಷಿದಾರರ ಹೆಸರು ಬರೆಯದೆ.

ಮೂರನೇ ವರ್ಷ: ಪದವಿಯ ನಂತರ ಸೇರಬೇಕೆಂದಿರುವ ಕಚೇರಿಯಲ್ಲೇ ನಾಲ್ಕು ವಾರ. ಕೊನೆಯ ದಿನ ಪ್ರಮಾಣಪತ್ರದ ಜೊತೆಗೆ 'ನನ್ನ ಕೆಲಸದಲ್ಲಿ ಏನು ಸುಧಾರಿಸಬೇಕು?' ಎಂದು ಹಿರಿಯರನ್ನು ಕೇಳಿ ಬರಬೇಕು.