‘ಬಡ್ಡಿ’ ಎಂಬ ಮಾತು ಬಂದದ್ದೆಲ್ಲಿಂದ?

ಮೆಲ್ಕಾರಿನ ಅಂಗಡಿ ಜಗಲಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು ‘ಬಡ್ಡಿ’. ನಮ್ಮದೇ ಮಾತೆನಿಸುತ್ತದೆ, ಮೂಲ ಮಾತ್ರ ಸಂಸ್ಕೃತದ ‘ವೃದ್ಧಿ’. ಪ್ರಾಕೃತದಲ್ಲಿ ‘ವಡ್ಢಿ’ಯಾಗಿ, ನಮ್ಮವರ ಬಾಯಲ್ಲಿ ವಕಾರ ಬಕಾರವಾಗಿ ‘ಬಡ್ಡಿ’ಯಾಯಿತು. ಪಾಣಿನಿಯೇ ತನ್ನ ಸೂತ್ರವೊಂದರಲ್ಲಿ ‘ವೃದ್ಧಿ’ಯನ್ನು ಸಾಲದ ಮೇಲಿನ ಹೆಚ್ಚಳದ ಅರ್ಥದಲ್ಲಿ ಬಳಸಿದ್ದಾನೆ. ಜೊತೆಗಾರ ‘ಅಸಲು’ ಅರಬ್ಬೀ ಪದ. ಬೇರು, ಬುಡ ಎಂದರ್ಥ. ಬುಡ ಅರಬ್ಬೀ, ಬೆಳೆದದ್ದು ಸಂಸ್ಕೃತ, ಎರಡೂ ನಮ್ಮ ಸಾಲದ ಲೆಡ್ಜರಿನ ಒಂದೇ ಪುಟದಲ್ಲಿ! ಬ್ಯಾರಿ ಬಾಂಧವರು ನಿಷಿದ್ಧವೆನ್ನುವ ‘ರಿಬಾ’ಕ್ಕೂ ಹೆಚ್ಚಳವೆಂದೇ ಅರ್ಥ.

ಬೆಳೆಯಲು ಬಿಟ್ಟರೆ ಬಡ್ಡಿ ಬುಡವನ್ನೇ ನುಂಗೀತು. ಹಿಂದಿನವರಿಗೂ ಇದು ಗೊತ್ತಿತ್ತು. ಹಣದ ಸಾಲ ಒಮ್ಮೆಗೆ ವಸೂಲಾಗುವಾಗ ಇಮ್ಮಡಿ ಮೀರಬಾರದು ಎಂದು ಮನುಸ್ಮೃತಿ ಹೇಳುತ್ತದೆ. ಆದರೆ ಧಾನ್ಯಕ್ಕೆ ಐದು ಪಟ್ಟಿನವರೆಗೆ ಬಿಟ್ಟಿದೆ. ಆಟಿ ತಿಂಗಳಲ್ಲಿ ಒಂದು ಮುಡಿ ಅಕ್ಕಿ ಸಾಲ ತಂದವನ ಪಾಡು ಹೇಗಿದ್ದೀತು, ನೀವೇ ಊಹಿಸಿ.

ಇದಕ್ಕೆ ಮದ್ದಾಗಿ ಬಂದದ್ದು 1904ರ ಸಹಕಾರಿ ಸಾಲ ಸಂಘಗಳ ಕಾಯಿದೆ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ 1909ರಲ್ಲಿ ಪುತ್ತೂರಿನಲ್ಲಿ ಆರಂಭ ಮಾಡಿದವರು ಮೊಳಹಳ್ಳಿ ಶಿವರಾಯರು.

ಸಂಘದಲ್ಲೂ ಬಡ್ಡಿ ಉಂಟು, ಇಲ್ಲವೆಂದಲ್ಲ. ಆದರೆ ಅದು ಸಾಹುಕಾರರ ತಿಜೋರಿ ಸೇರುವುದಿಲ್ಲ. ಖರ್ಚು ಕಳೆದು ಉಳಿದ ನಿವ್ವಳ ಲಾಭದಲ್ಲಿ ಕಾಲು ಭಾಗವಾದರೂ ಮೀಸಲು ನಿಧಿಗೆ ಹೋಗಬೇಕೆಂದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ ಹೇಳುತ್ತದೆ. ಉಳಿದುದರಲ್ಲಿ ಡಿವಿಡೆಂಡಿನ ಪಾಲು ಬರುವುದು ಬಡ್ಡಿ ಕಟ್ಟಿದ ಆ ಸದಸ್ಯನಿಗೇ.