ಅಂಗೈಯಲ್ಲಿ ಸರಸ್ವತಿ

2020ರ ಏಪ್ರಿಲ್, ಲಾಕ್‌ಡೌನ್ ಕಾಲ. ನಮ್ಮ ಶಿಕ್ಷಣ ಇಲಾಖೆ 'ಮಕ್ಕಳ ವಾಣಿ' ಅಂತ ಯೂಟ್ಯೂಬ್ ಚಾನೆಲ್ ಶುರು ಮಾಡಿತ್ತು, ನೆನಪಿದೆಯಾ? ಕಥೆ, ಹಾಡು, ಒಗಟು, ಚಿತ್ರಕಲೆ... ಆಡುತ್ತಾ ಕಲಿಯುವುದು ಹೊಸ ಆವಿಷ್ಕಾರವೇನೋ ಅನ್ನುವಂತೆ ಆಗ ಎಲ್ಲರೂ ಮಾತಾಡಿದರು. ಕಲಿಸುವ ಆಪ್‌ಗಳದ್ದೂ ಅದೇ ರಾಗ: ನಕ್ಷತ್ರ, ಪಾಯಿಂಟು, ಲೆವೆಲ್ಲು. ಬಳ್ಳಾರಿಯ ಒಂದು ಹಳೇ ವರದಿ ಓದಿದ ಮೇಲೆ ಈ 'ಹೊಸತು' ಎಂಬ ಮಾತು ನನಗಂತೂ ರುಚಿಸುತ್ತಿಲ್ಲ.

1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಜಿಲ್ಲೆ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. ಬೆಳಿಗ್ಗೆ ಆರಕ್ಕೆ ಶಾಲೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಅಂತ ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತಾ ಹೋಗುತ್ತದೆ. ಪಾಯಿಂಟು, ಲೆವೆಲ್ಲು ಅಂದರೆ ಇನ್ನೇನು ಮತ್ತೆ! (ಏಟು ಬೇಡ ಬಿಡಿ.) ಅಕ್ಷರ ತಿದ್ದುವುದು ನೆಲದ ಮರಳಿನ ಮೇಲೆ, ಬೆರಳಿನಿಂದ. ಅದೂ ಟಚ್‌ಸ್ಕ್ರೀನೇ.

ಕ್ಯಾಂಪ್‌ಬೆಲ್ ಮೆಚ್ಚಿದ್ದು ಇನ್ನೊಂದನ್ನು. ಮುಂದಿದ್ದ ಮಕ್ಕಳು ಹಿಂದಿದ್ದವರಿಗೆ ಕಲಿಸುತ್ತಿದ್ದರು, ಕಲಿಸುತ್ತಾ ತಮ್ಮ ಪಾಠವನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಅಂತಾನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲೂ ಬೇರೆಬೇರೆ ಮಟ್ಟದ ಮಕ್ಕಳು ಒಟ್ಟಿಗೆ ಕೂರುತ್ತಾರೆ.

ಆದರೆ ಅವನ ದೂರು ಇದಕ್ಕಿಂತ ಮುಖ್ಯ. ಹುಡುಗರು ಪದ್ಯದ ಮೇಲೆ ಪದ್ಯ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಣಿಗೆ ಗೊತ್ತಿದ್ದಷ್ಟೇ. ಯಾಕೆಂದರೆ ಕಾವ್ಯದ ಭಾಷೆ ಬೇರೆ, ಮನೆಯ ಮಾತು ಬೇರೆ. ಇದು ಇವತ್ತಿಗೂ ತಪ್ಪಿಲ್ಲ. ಸಿರುಗುಪ್ಪ ತಾಲ್ಲೂಕಿನ ಗಡಿ ಹಳ್ಳಿಯಲ್ಲಿ ಮನೆಯಲ್ಲಿ ತೆಲುಗಾಡುವ ಮಗುವಿಗೆ, ಕುರುಗೋಡಿನಲ್ಲಿ ಬಳ್ಳಾರಿ ಕನ್ನಡ ಆಡುವ ಮಗುವಿಗೆ, ಬೆಂಗಳೂರಿನ ಪುಸ್ತಕದ ಕನ್ನಡದ ವಿಡಿಯೋ ಹಾಕಿಕೊಟ್ಟರೆ ಹಾಡು ಬಾಯಿಗೆ ಬರುತ್ತದೆ, ಸರಿ. ಅರ್ಥವಾಗಲಿಲ್ಲ ಅನ್ನುವುದು ಆ ವಿಡಿಯೋಗೆ ಗೊತ್ತಾಗುವುದು ಹೇಗೆ? ಬಳ್ಳಾರಿಯವರೇ ಆದ ಬೆಳಗಲ್ಲು ವೀರಣ್ಣ (2023ರಲ್ಲಿ ತೀರಿಕೊಂಡರು) ಸ್ವಾತಂತ್ರ್ಯ ಹೋರಾಟದ ಕಥೆಯನ್ನು ತೊಗಲುಗೊಂಬೆಗಳಲ್ಲಿ ಆಡಿಸುತ್ತಿದ್ದರು. ಅದೂ ಪರದೆಯೇ. ಆದರೆ ಗೊಂಬೆ ಆಡಿಸುವವರಿಗೆ ಎದುರಿಗಿರುವ ಜನ ನಕ್ಕರೋ, ಸುಮ್ಮನಾದರೋ ಕೇಳಿಸುತ್ತದೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತಲ್ಲ. ಆಗಿನ ದೊಡ್ಡ ಬಳ್ಳಾರಿ ಜಿಲ್ಲೆಯಲ್ಲಿ 9,27,857 ಜನ, 533 ಶಾಲೆ. ಅದರಲ್ಲಿ 235 ಕನ್ನಡದವು, 226 ತೆಲುಗಿನವು. ಓದುವವರು 6,641, ಸಾವಿರಕ್ಕೆ ಏಳು ಮಂದಿಯೂ ಇಲ್ಲ. ಹುಡುಗಿಯರು ಬರೀ 60! ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ದುಡಿಮೆ ಹೋಯಿತು, ಊರು ಬಡವಾಯಿತು, ಶಾಲೆಗಳು ಮುಚ್ಚಿದವು ಅಂತ ಕಂಪನಿಯ ಕಲೆಕ್ಟರನೇ ಬರೆದಿದ್ದಾನೆ. 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಅನ್ನುವಾಗ ತನಗೆ ನಾಚಿಕೆ ಅಂತಲೂ ಒಪ್ಪಿಕೊಂಡಿದ್ದಾನೆ.

2020ರಲ್ಲಿ ಅದೇ ಬಡತನ ಫೋನಿನ ರೂಪದಲ್ಲಿ ಬಂತು. ಮನೆಗಿರುವ ಒಂದೇ ಫೋನು ಅಪ್ಪನ ಜೊತೆ ಗದ್ದೆಗೆ ಹೋದರೆ ಮಗು ಯಾವ ಚಾನೆಲ್ ನೋಡೀತು? ಅದಕ್ಕೇ ಆಗಸ್ಟಿನಲ್ಲಿ ಇಲಾಖೆ 'ವಿದ್ಯಾಗಮ' ತಂದಿತು. ಮೇಷ್ಟ್ರುಗಳು ಗುಡಿ ಕಟ್ಟೆ, ಮರದ ನೆರಳು ಹುಡುಕಿಕೊಂಡು ಹೋಗಿ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡರು. ನನ್ನ ಲೆಕ್ಕದಲ್ಲಿ ಆ ವರ್ಷದ ಒಳ್ಳೇ ಕೆಲಸ ಅದೇ. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ.

ಸಿರುಗುಪ್ಪ, ಕುರುಗೋಡು ಕಡೆ ಆ ಕಟ್ಟೆಗಳ ಮೇಲೆ ಪಾಠ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆದಿಡಿ.